ಖಾಲಿ ಡಬ್ಬದ ಪಾಳಿ

ಆಂಟಾಪ್ ಹಿಲ್, ಬೊಂಬಾಯಿ
12 ಅಕ್ಟೋಬರ್ 1986

ಅಪ್ಪ ಅಮ್ಮನಿಗೆ ಶಾಮಲಾ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ ಬಂತು. ಮುಚ್ಚಳ ತೆಗೆದ ದಿನವೇ ಕೇಶವ ಚಿಕ್ಕಪ್ಪ ಅರ್ಧ ಮುಗಿಸಿದರು, ಉಳಿದರ್ಧವನ್ನು ವಿಮಲಾ ಚಿಕ್ಕಮ್ಮ ಬಚ್ಚಿಟ್ಟಿದ್ದಾರೆ. ಶಾಲೆಯಲ್ಲಿ ಡ್ರಾಯಿಂಗ್ ಪಾಠ ಸಾಗಿದೆ. ಏನು ಬೇಕಾದರೂ ಬರೆಯಿರಿ ಎಂದರೆ ಎಲ್ಲ ಮಕ್ಕಳೂ ಎರಡು ಗುಡ್ಡ, ನಡುವೆ ಸೂರ್ಯ ಬರೆದು ಕೊಡುತ್ತವೆ. ನಾಲ್ಕನೇ ಮಹಡಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು, ಆ ಗುಡ್ಡವನ್ನು ಎಲ್ಲಿ ಕಂಡವೋ ಕಾಣೆ.

ಭಾನುವಾರ ಮನೆಯಲ್ಲಿ ಇರುವುದಿಲ್ಲವಂತೆ, ಎಲ್ಲಿಗೆ ಹೋಗುತ್ತೀಯೆ ಎಂದು ಅಪ್ಪ ಕೇಳಿದ್ದೀರಿ. ಚಿಕ್ಕಪ್ಪ ವರದಿ ಒಪ್ಪಿಸಿರಬೇಕು. ಚಿತ್ರ ಬರೆಯಲು ಹೋಗುತ್ತೇನೆ. ದಾದರಿನಲ್ಲಿ ಲೋಕಲ್ ಹತ್ತಿ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಹಿಡಿದು ಬೊರಿವಲಿಯವರೆಗೆ ಹೋಗುತ್ತೇನೆ, ಇಳಿಯದೆ ಅದೇ ಗಾಡಿಯಲ್ಲಿ ವಾಪಸ್ ಬರುತ್ತೇನೆ. ಹೋಗಿ ಬರುವವರೆಗೆ ಪೆನ್ನು ಕಾಗದದಿಂದ ಎತ್ತುವುದಿಲ್ಲ. ಗಾಡಿ ಕುಲುಕಿದರೆ ಗೆರೆಯೂ ಕುಲುಕುತ್ತದೆ. ಪಕ್ಕದಲ್ಲಿ ಕೂತ ನರ್ಸಮ್ಮ ಒಬ್ಬರು ತುಂಬ ಹೊತ್ತು ನೋಡಿ, ಯಾರ ಇಸಿಜಿ ಇದು, ಪೇಷಂಟು ಬದುಕಿದ್ದಾರಾ ಎಂದು ಕೇಳಿದರು.

ಆದರೆ ನನಗೆ ನಿಜವಾಗಿ ಬೇಕಾದದ್ದು ಗಾಡಿಯ ಕಿಟಕಿಯಲ್ಲಿ ಸಿಗುವುದಿಲ್ಲ. ನಮ್ಮ ಕ್ವಾರ್ಟರ್ಸಿನಿಂದ ಪೂರ್ವಕ್ಕೆ ವಡಾಲದ ಕಡೆ ನಡೆದರೆ ಉಪ್ಪಿನ ಗದ್ದೆಗಳಿವೆ. ಅವುಗಳ ಆಚೆ ಕೆಸರು, ಕೆಸರಿನ ಆಚೆ ಸಮುದ್ರದ ಒಂದು ತೋಳು. ಇಲ್ಲಿಯವರು ಖಾಡಿ ಎನ್ನುತ್ತಾರೆ. ಬೆಳಿಗ್ಗೆ ಹೋದರೆ ಬದುವಿನ ತನಕ ನೀರು. ಇನ್ನೊಂದು ಹೊತ್ತಿನಲ್ಲಿ ಹೋದರೆ ನೀರೇ ಇಲ್ಲ, ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಮಲಗಿರುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ಬೆಳಿಗ್ಗೆ ತುಂಬಿದ್ದ ನೀರು ಮಧ್ಯಾಹ್ನ ಬತ್ತಿ ಸಂಜೆಗೆ ಮತ್ತೆ ತುಂಬುತ್ತದೆ. ಅಂಥ ಒಂದು ದಿನ ಒಂದೇ ಜಾಗದಲ್ಲಿ ನಿಂತು, ಒಂದೇ ಉದ್ದನೆಯ ಕಾಗದದಲ್ಲಿ, ಆ ಇಳಿತ ಉಬ್ಬರ ಪೂರ್ತಿ ಬರೆಯಬೇಕು. ಈ ವರ್ಷ ನನಗಿರುವ ಆಸೆ ಇಷ್ಟೇ.

ನಿಲ್ಲುವುದೇ ಆಗುತ್ತಿಲ್ಲ. ನಡೆಯುತ್ತಿದ್ದರೆ ಈ ಊರಿನಲ್ಲಿ ಹೆಂಗಸನ್ನು ಯಾರೂ ಏನೂ ಕೇಳುವುದಿಲ್ಲ, ನಿಂತೆವೋ ಮುಗಿಯಿತು. ಅಪ್ಪ, ನೀವು ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಕಂಡವರ ಹೊಲದಲ್ಲಿ ನಿಂತವರು. ಹೇಗೆ ನಿಲ್ಲುತ್ತಿದ್ದಿರಿ?

ನಿಮ್ಮ ಮಗಳು
ಶಾಮಲಾ

ಮೈಸೂರು
25-10-1986

ಚಿ. ಶಾಮಲಾಳಿಗೆ ವೆಂಕಟಸುಬ್ಬಯ್ಯನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಬೊರಿವಲಿಗೆ ಹೋಗಿ ಇಳಿಯದೆ ಬರುವವರನ್ನು ನಾನು ಇದೇ ಮೊದಲು ಕೇಳಿದ್ದು. ಇರಲಿ, ಟಿಕೆಟ್ ತೆಗೆದುಕೊಳ್ಳುತ್ತೀಯೆ ಎಂದು ಭಾವಿಸುತ್ತೇನೆ.

ಹೇಗೆ ನಿಲ್ಲುತ್ತಿದ್ದಿರಿ ಎಂದು ಕೇಳಿದ್ದೀಯೆ. ಇದು ನನ್ನ ತಲೆಗೆ ಎಂದೂ ಬಾರದ ಪ್ರಶ್ನೆ. ನಿಲ್ಲುತ್ತಿದ್ದೆ, ಅಷ್ಟೆ. ಯೋಚಿಸಿ ನೋಡಿದರೆ ಗುಟ್ಟು ನನ್ನದಲ್ಲ, ಸಾಮಾನಿನದು. ಮುಕ್ಕಾಲಿ, ಅದರ ಮೇಲೆ ಪ್ಲೇನ್ ಟೇಬಲ್ ಎನ್ನುವ ಹಲಗೆ, ಹಲಗೆಯ ಮೇಲೆ ಕಾಗದ, ತಲೆಯ ಮೇಲೆ ದೊಡ್ಡ ಕೊಡೆ, ಪಕ್ಕದಲ್ಲಿ ಕೆಂಪು ಬಿಳಿ ಪಟ್ಟೆಯ ಕೋಲು. ಇಷ್ಟು ಇದ್ದರೆ ದನ ಕೂಡ ಬಳಸಿಕೊಂಡು ಹೋಗುತ್ತದೆ. ಕೈಯಲ್ಲಿ ಉಪಕರಣವಿದ್ದವನನ್ನು ಯಾರೂ ಏಕೆ ಎಂದು ಕೇಳುವುದಿಲ್ಲ, ಎಷ್ಟು ಎಂದು ಮಾತ್ರ ಕೇಳುತ್ತಾರೆ.

ನನ್ನ ಹಳೆಯ ಹಲಗೆ, ಮುಕ್ಕಾಲಿ, ಕೋಲು ಅಟ್ಟದ ಮೇಲಿವೆ. ಎಣ್ಣೆ ಹಚ್ಚಿ ರೈಲ್ವೆ ಪಾರ್ಸೆಲ್ಲಿಗೆ ಹಾಕುತ್ತೇನೆ. ಮುಕ್ಕಾಲಿಯ ಒಂದು ಕಾಲಿಗೆ ತಿರುಪು ಸಡಿಲ, ಜೋಪಾನ.

ಇಂತಿ ನಿನ್ನ ತಂದೆ
ವೆಂಕಟಸುಬ್ಬಯ್ಯ

(ಇನ್‌ಲ್ಯಾಂಡಿನ ಮಡಿಕೆಯಲ್ಲಿ ಮಿಕ್ಕ ಜಾಗದಲ್ಲಿ ನಾನು ಬರೆಯುತ್ತಿದ್ದೇನೆ. ನಿಂತರೆ ಮುಗಿಯಿತು ಅಂದೆಯಲ್ಲ, ಏನು ಮುಗಿಯಿತು? ಯಾರು ಏನು ಕೇಳ್ತಾರೆ? ಅದನ್ನ ಬರಿ. ನಿಮ್ಮಪ್ಪ ಕೋಲು ಒರೆಸ್ತಾ ಕೂತಿದ್ದಾರೆ, ಊಟಕ್ಕೆ ಏಳ್ತಿಲ್ಲ. ಅಮ್ಮ.)

ಆಂಟಾಪ್ ಹಿಲ್
9 ನವೆಂಬರ್ 1986

ಅಮ್ಮಾ,

ಇದು ನಿನಗೊಬ್ಬಳಿಗೇ. ನೀನು ಕೇಳಿದ್ದಕ್ಕೆ ನಿಜವಾಗಿ ಖುಷಿಯಾಯಿತು, ಯಾಕೆಂದರೆ ಚಿಕ್ಕಪ್ಪನಿಗೆ ಹೇಳಿದರೆ ಅವರು ಕೇಳುವುದಿಲ್ಲ, ಹೋಗಬೇಡ ಎಂದುಬಿಡುತ್ತಾರೆ.

ಏನು ಕೇಳುತ್ತಾರೆ ಅಂದರೆ ಮೊದಲು, ಯಾರಿಗೆ ಕಾಯ್ತಿದ್ದೀರಿ. ಇದು ಒಳ್ಳೆಯವರ ಪ್ರಶ್ನೆ. ಆಮೇಲೆ ದಾರಿ ತಪ್ಪಿತಾ, ಸ್ಟೇಷನ್ ಆ ಕಡೆ. ಇದೂ ಒಳ್ಳೆಯವರದೇ. ಉಪ್ಪಿನ ಗದ್ದೆಯ ಕಾವಲಿನವನು, ಇದು ಹೆಂಗಸರು ನಿಲ್ಲೋ ಜಾಗ ಅಲ್ಲ ಎನ್ನುತ್ತಾನೆ. ಹಾಗಾದರೆ ಯಾವುದು ಎಂದು ಕೇಳಿದೆ, ಬೇಕಾದರೆ ಬಸ್ ಸ್ಟಾಪಿನಲ್ಲಿ ನಿಲ್ಲಿ ಎಂದ. ಬಸ್ ಸ್ಟಾಪಿಗೆ ಖಾಡಿ ಕಾಣುವುದಿಲ್ಲವಲ್ಲ. ಇನ್ನು ಕೆಲವರು ಏನೂ ಕೇಳದೆ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಆಗ ನಾನು ನಡೆಯಲು ಶುರುಮಾಡುತ್ತೇನೆ. ಹೀಗಾಗಿ ನನ್ನ ಹತ್ತಿರ ಇರುವ ಖಾಡಿಯ ಚಿತ್ರಗಳೆಲ್ಲ ತುಂಡು ತುಂಡು. ಗಂಡಸರು ಮಾತ್ರ ಅದೇ ಬದುವಿನ ಮೇಲೆ ಬೀಡಿ ಹಚ್ಚಿಕೊಂಡು ಗಂಟೆಗಟ್ಟಲೆ ನಿಂತಿರುತ್ತಾರೆ. ಅವರಲ್ಲಿ ಒಬ್ಬನೂ ನೀರಿನ ಕಡೆ ನೋಡುವುದಿಲ್ಲ. ನನಗೆ ಹೊಟ್ಟೆಕಿಚ್ಚಾಗುವುದು ಅಲ್ಲಿ.

ಇದು ಬೊಂಬಾಯಿಯದೋ ಎಲ್ಲ ಕಡೆಯದೋ ಎಂದು ನನಗೆ ಕುತೂಹಲ. ಅಮ್ಮಾ, ನೀನು ಒಂದು ದಿನ ನಮ್ಮ ಬೀದಿಯ ತುದಿಯಲ್ಲಿ ಸುಮ್ಮನೆ ನಿಂತು ನೋಡುತ್ತೀಯಾ? ಕೈಯಲ್ಲಿ ಏನೂ ಇರಬಾರದು. ಏನಾಯಿತು ಬರಿ.

ನಿನ್ನ
ಶಾಮಿ

ಮೈಸೂರು
28-11-86

ಚಿ. ಶಾಮಿಗೆ ಅಮ್ಮನ ಆಶೀರ್ವಾದ.

ನಿನಗೆ ಬುದ್ಧಿ ಇಲ್ಲ ಅಂತ ನಾಲ್ಕು ದಿನ ಬೈಕೊಂಡು ಓಡಾಡಿದೆ. ಐದನೇ ದಿನ ಹೋಗಿ ನಿಂತೆ.

ಬೀದಿ ತುದಿಯಲ್ಲಿ ಇಸ್ತ್ರಿಯವನ ಗಾಡಿ ಇದೆಯಲ್ಲ, ಅದರ ಈಚೆ. ನಿಮ್ಮಪ್ಪ ಊಟ ಮಾಡಿ ಮಲಗಿದ್ದರು. ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ ಕಣೆ. ಸೆರಗಿನ ತುದಿ ಹಿಡಕೊಂಡೆ. ಇಸ್ತ್ರಿಯವನು, ಬಟ್ಟೆ ಇನ್ನೂ ಆಗಿಲ್ಲ ಅಮ್ಮಾವ್ರೆ ಅಂದ. ಬಟ್ಟೆಗಲ್ಲಪ್ಪಾ ಅಂದೆ. ಅವನಿಗೆ ಗಾಬರಿಯಾಗಿ, ರಾಯರಿಗೆ ಮೈ ಹುಷಾರಿಲ್ವಾ, ಆಟೋ ಕರೀಲಾ ಅಂದ. ಅಷ್ಟರಲ್ಲಿ ಎದುರು ಮನೆ ಕಸ್ತೂರಿಬಾಯಿ ಗೇಟಿಗೆ ಬಂದು, ಯಾತಕ್ಕೆ ನಿಂತಿದ್ದೀರಿ ರಮಾಮಣಿ ಅಂದರು. ಸುಮ್ಮನೆ ಅಂದೆ. ಸುಮ್ಮನೆ ಅಂದರೆ ಯಾತಕ್ಕೆ ಅಂದರು. ಅದಕ್ಕೆ ಏನು ಹೇಳೋದು? ಗಾಳಿಗೆ ಅಂದೆ. ನಮ್ಮ ಮನೇಲಿ ಫ್ಯಾನ್ ಇದೆ ಬನ್ನಿ ಅಂತ ಒಳಗೆ ಕರಕೊಂಡು ಹೋಗಿ ಕಾಫಿ ಕೊಟ್ಟರು, ಮನೇಲಿ ಏನಾದರೂ ಮಾತು ಬಂತಾ ಅಂತ ಮೆತ್ತಗೆ ವಿಚಾರಿಸಿದರು. ಸಂಜೆಯೊಳಗೆ ಬೀದಿಯವರೆಲ್ಲ ನಾವು ಗಂಡ ಹೆಂಡತಿ ಜಗಳ ಆಡಿದ್ದೇವೆ ಅಂದುಕೊಂಡಿದ್ದರು.

ನೀನು ಹೇಳಿದ್ದು ನಿಜ. ಇಲ್ಲೂ ಅಷ್ಟೆ. ಐವತ್ತೊಂದು ವರ್ಷಕ್ಕೆ ನನಗೆ ಇದು ಗೊತ್ತಾಯಿತು ನೋಡು.

ಒಂದು ವಿಷಯ ಹೇಳಲಾ? ಕಸ್ತೂರಿಬಾಯಿ ಬರೋಕೆ ಮುಂಚೆ ಸ್ವಲ್ಪ ಹೊತ್ತು ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಇರೋ ಬೀದಿ. ನಿಂತು ನೋಡಿದರೆ, ಅದು ಆಸ್ಪತ್ರೆ ಕಡೆಗೆ ಸ್ವಲ್ಪ ಇಳಿಜಾರಾಗಿದೆ. ನಡೆಯುವಾಗ ಗೊತ್ತೇ ಆಗಿರಲಿಲ್ಲ. ನಿಮ್ಮಪ್ಪನಿಗೆ ಹೇಳಿದೆ. ಅದು ಮಾಮೂಲು, ನೂರಕ್ಕೆ ಎರಡು ಅಡಿ ಇಳುಕಲು ಅಂದರು. ಅವರಿಗೆ ಮೊದಲೇ ಗೊತ್ತಿತ್ತಂತೆ. ನನಗೆ ಯಾಕೆ ಹೇಳಲಿಲ್ಲ ಅಂದೆ. ನೀನು ಕೇಳಲಿಲ್ಲವಲ್ಲ ಅಂದರು.

ಪಾರ್ಸೆಲ್ ಬಂತಾ?

ಅಮ್ಮ

ಆಂಟಾಪ್ ಹಿಲ್
15 ಡಿಸೆಂಬರ್ 1986

ಅಪ್ಪನಿಗೆ ನಮಸ್ಕಾರ.

ಚಿಕ್ಕಪ್ಪ ಬರೆಯುವ ಮುಂಚೆ ನಾನೇ ಬರೆಯಬೇಕೆಂದು ಕೂತಿದ್ದೇನೆ. ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ನಿಮ್ಮ ಸಾಮಾನನ್ನೆಲ್ಲ ಹೊತ್ತು ನಿನ್ನೆ ಭಾನುವಾರ ಅಭ್ಯಾಸಕ್ಕೆಂದು ಖಾಡಿಗೆ ಹೋದೆ. ಉಪ್ಪಿನ ಗದ್ದೆಯ ಅಂಚಿಗೆ ಒಂದು ಸಾಲು ಗುಡಿಸಲುಗಳಿವೆ, ತಗಡು, ಪ್ಲಾಸ್ಟಿಕ್, ಗೋಣಿ. ಅವುಗಳ ಎದುರಿನ ಬದು ಎತ್ತರವಾಗಿದೆ, ಅಲ್ಲಿಂದ ನೀರೆಲ್ಲ ಕಾಣುತ್ತದೆ. ಅಲ್ಲಿ ಮುಕ್ಕಾಲಿ ಊರಿದೆ, ಕೋಲು ನೆಟ್ಟೆ. ನೀವು ಹೇಳಿದ್ದು ಸುಳ್ಳಲ್ಲ ಅಪ್ಪ. ಯಾರೂ ಏನೂ ಕೇಳಲಿಲ್ಲ. ಕಾವಲಿನವನು ಸಲಾಮು ಹೊಡೆದ. ಒಬ್ಬರು ಚಹಾ ತಂದು ಕೊಟ್ಟು ಕಾಸು ತೆಗೆದುಕೊಳ್ಳಲಿಲ್ಲ. ಇಷ್ಟು ಸುಲಭವಾಗಿ ನಿಲ್ಲಬಹುದಿತ್ತೇ ಎಂದು ನನಗೆ ನಗು ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಗುಡಿಸಲುಗಳಿಂದ ಹೆಂಗಸರು ಸಾಮಾನು ಹೊರಗೆ ತರಲು ಶುರುಮಾಡಿದರು. ಟ್ರಂಕು, ಹಾಸಿಗೆ, ಕೊಡ, ದೇವರ ಪಟ. ಹಬ್ಬದ ಮುಂಚೆ ನಮ್ಮಲ್ಲಿ ಮನೆ ಸಾರಿಸುವಾಗ ತರುವುದಿಲ್ಲವೇ, ಹಾಗೆ ಅಂದುಕೊಂಡೆ. ಬಿಸಿಲಿಗೆ ಬಣ್ಣ ಬಣ್ಣವಾಗಿ ಚೆನ್ನಾಗಿತ್ತು, ಕೂತು ಅದನ್ನೂ ಬರೆದೆ. ಇಬ್ಬರು ಮಾಡು ಹತ್ತಿ ತಗಡು ಬಿಚ್ಚತೊಡಗಿದಾಗಲೂ ನನಗೆ ಹೊಳೆಯಲಿಲ್ಲ.

ಆಗ ಒಬ್ಬಾಕೆ ಬದು ಹತ್ತಿ ಬಂದು, ಕಬ್ ತೋಡೇಂಗೆ, ಯಾವಾಗ ಕೆಡವುತ್ತೀರಿ ಎಂದು ಕೇಳಿದಳು. ನನಗೆ ಅರ್ಥವಾಗದೆ ನೋಡುತ್ತಿದ್ದರೆ ಆಕೆ ಹಿಂದೆ ತಿರುಗಿ ಇನ್ನೊಬ್ಬಳಿಗೆ, "ರಾಚವ್ವಾ, ತಗಡ ನಾವಽ ಬಿಚ್ಚಿಕೊಳ್ಳೂಣು, ಇವರು ಕೆಡವಿದರ ಒಂದೂ ಉಳ್ಯಾಂಗಿಲ್ಲ" ಎಂದಳು. ಕನ್ನಡ. ಮುಕ್ಕಾಲಿ, ಕೋಲು ಕಂಡು ಅವರು ನನ್ನನ್ನು ಮನೆ ಕೆಡವಲು ಅಳತೆಗೆ ಬಂದವಳು ಅಂದುಕೊಂಡಿದ್ದರು. ಹೋದ ವರ್ಷ ಹೀಗೇ ಒಬ್ಬ ಬಂದು ಕೋಲು ನೆಟ್ಟು ಹೋದ ಮಾರನೆಯ ದಿನವೇ ಕೆಡವುವ ಗಾಡಿ ಬಂದಿತ್ತಂತೆ.

ನಾನು ಕನ್ನಡದಲ್ಲಿ, ಇಲ್ಲವ್ವಾ, ನಾನು ಚಿತ್ರ ಬರೆಯುವವಳು ಎಂದೆ. ಆಕೆಯ ಹೆಸರು ಹನುಮವ್ವ, ವಿಜಾಪುರದ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಕಾಗದ ನೋಡಿದಳು. ಅದರಲ್ಲಿ ಅವಳ ಟ್ರಂಕು ಇತ್ತು. "ನಾವು ಜೀಂವಾ ಕೈಯಾಗ ಹಿಡಕೊಂಡು ಹೊರಗ ತಂದದ್ದನ್ನ ನೀ ಚಿತ್ರಾ ಬರದೀಯೇನ? ಕುಂಬಾರಗ ವರುಷ, ದೊಣ್ಣಿಗೆ ನಿಮಿಷ. ನೀ ದೊಣ್ಣಿ ಹಿಡಕೊಂಡು ಬಂದು ದೊಣ್ಣಿ ಅಲ್ಲ ಅಂತೀಯಲ್ಲ" ಎಂದಳು. ನನಗೆ ಅಳು ಬಂತು. ಆದರೂ ಅವರಿಗೆ ನಂಬಿಕೆ ಬರಲಿಲ್ಲ, ನಿಮ್ಮ ಮನೆ ತೋರಿಸು ಎಂದು ಹತ್ತು ಜನ ಹಿಂದೆ ಬಂದರು. ಮನೆ ನೋಡಿದರೆ ಸರ್ಕಾರಿ ಕ್ವಾರ್ಟರ್ಸ್, ಬಾಗಿಲಲ್ಲಿ ಚಿಕ್ಕಪ್ಪನ ಹುದ್ದೆ ಬರೆದ ಬೋರ್ಡು. ಮುಂದೆ ಹೇಳಬೇಕಾಗಿಲ್ಲ. ಚಿಕ್ಕಪ್ಪ ಪಂಚೆ ಉಟ್ಟುಕೊಂಡು ಅರ್ಧ ಗಂಟೆ, ತಾವು ಪಿಂಚಣಿ ಲೆಕ್ಕದ ಆಫೀಸಿನವರು, ಯಾರ ಮನೆಯನ್ನೂ ಕೆಡವುವವರಲ್ಲ ಎಂದು ಹಿಂದಿಯಲ್ಲಿ ವಿವರಿಸಿದರು.

ಮಧ್ಯಾಹ್ನ ವಾಪಸ್ ಹೋಗಿ ತಗಡು ಹಾಕಲು ಕೈಜೋಡಿಸಿದೆ. ಯಾರೂ ಬೇಡ ಅನ್ನಲಿಲ್ಲ. ಆ ಚಿತ್ರ ಹರಿದು ಹಾಕಿದೆ. ನಿಮ್ಮ ಸಾಮಾನು ಮಂಚದ ಕೆಳಗಿದೆ.

ಶಾಮಲಾ

ಮೈಸೂರು
30-12-1986

ಚಿ. ಶಾಮಲಾಳಿಗೆ ಆಶೀರ್ವಾದ.

ನಿನ್ನ ಕಾಗದವೂ ಕೇಶವಮೂರ್ತಿಯ ಕಾಗದವೂ ಒಂದೇ ಟಪಾಲಿನಲ್ಲಿ ಬಂದವು. ಬಡವರ ಮನೆಯ ತಗಡು ಬಿಚ್ಚಿಸಿದ ಸಾಮಾನು ನನ್ನದು. ಅದನ್ನು ಕಳಿಸಿಕೊಟ್ಟವನೂ ನಾನು. ಆ ಕೋಲನ್ನು ಕಂಡು ಹೊಲದವರು ಎದ್ದು ನಿಲ್ಲುತ್ತಿದ್ದರು. ಅದು ಮರ್ಯಾದೆ ಎಂದೇ ನಾನು ತಿಳಿದಿದ್ದೆ. ಹೆಚ್ಚು ಬರೆಯಲಾರೆ.

ಕೇಶವನಿಗೆ ಆಫೀಸಿನಲ್ಲಿ ತಲೆ ಎತ್ತಲಾಗುತ್ತಿಲ್ಲವಂತೆ. ಇನ್ನು ಮೇಲೆ ಖಾಡಿಯ ಕಡೆ ಹೋಗುವುದು ಬೇಡ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿದ ಕೂಡಲೇ ಶಾಲೆಗೆ ರಾಜೀನಾಮೆ ಕೊಟ್ಟು ಮೈಸೂರಿಗೆ ಬಂದುಬಿಡು. ಚಿತ್ರ ಬರೆಯಲು ಇಲ್ಲಿ ಚಾಮುಂಡಿ ಬೆಟ್ಟ ಇದೆ, ನಾನು ಜೊತೆಗೆ ಬಂದು ನಿಲ್ಲುತ್ತೇನೆ.

ವೆಂಕಟಸುಬ್ಬಯ್ಯ

ಮೈಸೂರು
18-1-87

ಚಿ. ಶಾಮಿಗೆ,

ಹೋದ ಕಾಗದದ ಮಡಿಕೆಯಲ್ಲಿ ಅಮ್ಮ ಏನೂ ಬರೆಯಲಿಲ್ಲ ಅಂತ ನೊಂದುಕೊಂಡಿರ್ತೀಯ. ಬರೆಯೋಕೆ ಕೂತಿದ್ದೆ, ನಿಮ್ಮಪ್ಪ ಅಂಟಿಸಿಬಿಟ್ಟಿದ್ದರು. ಇದು ನಾನೇ ಪೋಸ್ಟಾಫೀಸಿಗೆ ಹೋಗಿ ತಂದ ಇನ್‌ಲ್ಯಾಂಡು.

ನಾನು ನಿಲ್ಲೋದನ್ನ ಬಿಟ್ಟಿಲ್ಲ. ಬೇರೆ ಬೇರೆ ಕಡೆ ನಿಂತು ನೋಡಿದೆ. ದೇವಸ್ಥಾನದ ಹೊರಗೆ ನಿಂತರೆ ಅರ್ಚಕರು ಪ್ರಸಾದ ಆಗಿಲ್ಲ ಅಂತಾರೆ. ಕೆರೆ ಏರಿ ಮೇಲೆ ನಿಂತೆ, ಯಾರೋ ಪುಣ್ಯಾತ್ಮ ಸೈಕಲ್ ಇಳಿದು, ಏನೇ ಕಷ್ಟ ಇರಲಿ ತಾಯಿ, ದುಡುಕಬೇಡಿ ಅಂದ. ಪಾಪ, ಅವನ ಮುಖ ನೋಡಿ ಬೇಜಾರಾಗಿ ಮನೆಗೆ ಬಂದೆ.

ಈ ಶುಕ್ರವಾರ ಸೀಮೆಎಣ್ಣೆಗೆ ಹೋಗಿದ್ದೆ. ಡಿಪೋ ಬಾಗಿಲು ತೆಗೆದಿರಲಿಲ್ಲ, ಕ್ಯೂ ಮೂಲೆ ತಿರುಗಿ ಮೈದಾನದ ತನಕ ಬಂದಿತ್ತು. ನನ್ನ ಜಾಗದಿಂದ ಬೆಟ್ಟ ಪೂರ್ತಿ ಕಾಣುತ್ತಿತ್ತು, ಮೋಡದ ನೆರಳು ಬೆಟ್ಟದ ಮೇಲೆ ಹತ್ತಿ ಇಳಿಯೋದೂ ಕಂಡಿತು. ಎಷ್ಟು ಹೊತ್ತು ನಿಂತೆನೋ, ಒಬ್ಬರಾದರೂ ಕೇಳಬೇಕಲ್ಲ. ಗಂಡಸರು ಪಕ್ಕದಲ್ಲೇ ಹೋದರು, ಬಂದರು. ಕೈಯಲ್ಲಿ ಖಾಲಿ ಡಬ್ಬ ಇತ್ತು ನೋಡು, ಅದಕ್ಕೆ. ಖಾಲಿ ಡಬ್ಬ ಹಿಡಿದ ಹೆಂಗಸು ಯುಗಗಟ್ಟಲೆ ನಿಂತರೂ ಯಾರಿಗೂ ಅನುಮಾನ ಇಲ್ಲ ಕಣೆ. ನನ್ನ ಪಾಳಿ ಬಂದಾಗ ಹಿಂದಿನವರಿಗೆ ನೀವು ಹೋಗಿ ಅಂತ ಬಿಟ್ಟುಕೊಟ್ಟು ಮತ್ತೆ ಕೊನೆಗೆ ಹೋಗಿ ನಿಂತೆ. ಬೇಕೂಂತ.

ನಿಮ್ಮಪ್ಪನ ಸಾಮಾನು ಸರ್ಕಾರದ್ದು. ಅದನ್ನ ನೋಡಿದರೆ ಜನಕ್ಕೆ ಹೆದರಿಕೆ. ನೀನು ಡಬ್ಬ ತಗೊಂಡು ಹೋಗು. ಆ ಹನುಮವ್ವನ ಗುಡಿಸಲ ಹತ್ತಿರ ನಲ್ಲಿ ಇಲ್ಲವಾ? ಇದ್ದರೆ ಕ್ಯೂ ಇದ್ದೇ ಇರುತ್ತೆ. ಮೊದಲು ಅವಳಿಗೆ ಹೇಳಿ ಕೇಳಿ ನಿಲ್ಲು. ಕದ್ದು ನಿಲ್ಲಬೇಡ.

ನಿನಗೆ ಕಾಗದ ಬರೆದೆ ಅಂತ ಅಪ್ಪನಿಗೆ ಹೇಳ್ತೇನೆ. ಒಳಗೇನಿದೆ ಅಂತ ಅವರು ಕೇಳಿದರೆ ಅದನ್ನೂ ಹೇಳ್ತೇನೆ.

ಅಮ್ಮ

ಆಂಟಾಪ್ ಹಿಲ್
9 ಫೆಬ್ರವರಿ 1987

ಅಮ್ಮಾ,

ನಿನ್ನ ಕಾಗದವನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ನಲ್ಲಿ ಇದೆ. ಬದುವಿನ ಬುಡದಲ್ಲೇ ಇದೆ, ಅಲ್ಲಿಂದ ಖಾಡಿ ಅಂಗೈಯಂತೆ ಕಾಣುತ್ತದೆ. ನಾನು ಇಷ್ಟು ತಿಂಗಳು ಅದನ್ನು ದಾಟಿ ದಾಟಿ ಹೋಗುತ್ತಿದ್ದೆ.

ನಿನ್ನೆ ಬೆಳಕು ಹರಿಯುವ ಮುಂಚೆ ಚಿಕ್ಕಮ್ಮನಿಂದ ಎಣ್ಣೆಯ ಹಳೆ ಡಬ್ಬ ಇಸಕೊಂಡು ಹೋದೆ. ಅವರು ಯಾಕೆ ಅನ್ನಲಿಲ್ಲ, ಚಿಕ್ಕಪ್ಪ ಏಳುವ ಮುಂಚೆ ಹೊರಡು ಅಂದರು ಅಷ್ಟೆ. ಹನುಮವ್ವ ನನ್ನನ್ನು ಕಂಡ ಕೂಡಲೇ, "ಇವತ್ತೇನ ತಂದೀಯವ್ವಾ?" ಎಂದಳು. ಡಬ್ಬ ತೋರಿಸಿದೆ. "ನಿಮ್ಮ ಬಿಲ್ಡಿಂಗಿನ್ಯಾಗ ನೀರ ಬರೂದಿಲ್ಲೇನ?" "ಬರ್ತದೆ. ನನಗೆ ನೀರು ಬೇಡ ಹನುಮವ್ವಾ, ನಿಲ್ಲಬೇಕು." ಅವಳು ರಾಚವ್ವನ ಕಡೆ ತಿರುಗಿ, "ಕೇಳೇನ, ನೀರಿಗಲ್ಲಂತ, ನಿಲ್ಲಾಕ ಪಾಳಿ ಹಚ್ಚತಾಳಂತ" ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ನಿಲ್ಲು, ಆದರ ಪುಕ್ಕಟೆ ಅಲ್ಲ, ಕೊಡ ಎತ್ತಿ ತಲೀಮ್ಯಾಲೆ ಇಡಾಕ ಕೈ ಹಚ್ಚಬೇಕು ಎಂದಳು.

ಹಾಗೇ ಆಯಿತು. ಹಿಂದಿನವರನ್ನು ಮುಂದೆ ಬಿಡುತ್ತಾ ಬಿಡುತ್ತಾ ಪಾಳಿಯ ಕೊನೆಯಲ್ಲೇ ಇದ್ದೆ. ತುಂಬಿದ್ದ ಖಾಡಿ ಕಣ್ಣೆದುರೇ ಇಳಿಯಲು ಶುರುಮಾಡಿತು. ಎರಡು ಗೆರೆ ಬರೆಯುವಷ್ಟರಲ್ಲಿ ಯಾರಾದರೂ ಅಕ್ಕಾ ಎನ್ನುತ್ತಿದ್ದರು, ಹೋಗಿ ಕೊಡ ಎತ್ತುತ್ತಿದ್ದೆ, ಬಂದು ನೋಡಿದರೆ ನೀರು ಇನ್ನೊಂದು ಚೂರು ಕೆಳಗೆ ಹೋಗಿರುತ್ತಿತ್ತು. ಪೆನ್ನು ಎತ್ತಿದ ಕಡೆಯೆಲ್ಲ ಗೆರೆ ಕಡಿದಿದೆ, ಒದ್ದೆ ಕೈಯ ಕಲೆಗಳಿವೆ. ಇದನ್ನು ತಿದ್ದುವುದಿಲ್ಲ. ಕಾವಲಿನವನು ಡಬ್ಬ ನೋಡಿ ಹಾಗೇ ಹೋದ.

ಆದರೆ ಅರ್ಧಕ್ಕೇ ನಿಂತಿತು. ನಲ್ಲಿಯಲ್ಲಿ ನೀರು ನಿಂತ ಮೇಲೆ ಪಾಳಿ ಕರಗಿ ಎಲ್ಲರೂ ಕೆಲಸಕ್ಕೆ ಹೋದರು. ಅವರಿಗೆ ಭಾನುವಾರ ಎಲ್ಲಿದೆ. ಸಂಜೆಯ ನೀರಿಗೆಂದು ತಮ್ಮ ಡಬ್ಬಗಳನ್ನು ಸಾಲಾಗಿ ಇಟ್ಟು ಹೋಗುತ್ತಾರೆ, ಡಬ್ಬ ಇದ್ದರೆ ಪಾಳಿ ಇದ್ದ ಹಾಗೆ. ನಾನೂ ನನ್ನ ಡಬ್ಬ ಇಟ್ಟು ಪಕ್ಕದಲ್ಲಿ ನಿಂತೆ. ಕೆಸರು ಬಯಲಾಗುವವರೆಗೆ ಹೇಗೋ ಬರೆದೆ. ನೀರು ತಿರುಗಿ ಬರುವ ಹೊತ್ತಿಗೆ ಬದುವಿನ ಮೇಲೆ ಇಬ್ಬರು ಬಂದು ಕೂತರು. ಡಬ್ಬಗಳೆಲ್ಲ ಇದ್ದವು, ಹೆಂಗಸು ನಾನೊಬ್ಬಳೇ. ಸುರುಳಿ ಸುತ್ತಿಕೊಂಡು ಮನೆಗೆ ಬಂದೆ.

ಇಳಿತ ಇದೆ, ಉಬ್ಬರ ಇಲ್ಲ. ಏಪ್ರಿಲಿಗೆ ಮುಂಚೆ ಪರೀಕ್ಷೆಯ ಕೆಲಸವಿಲ್ಲದ ಭಾನುವಾರ ಅಷ್ಟಮಿಯ ಹತ್ತಿರ ಬರುವುದು ಇನ್ನು ಒಂದೇ ಸಲ, ಮಾರ್ಚ್ ಎಂಟಕ್ಕೆ. ಅದೂ ಹೀಗೇ ಅರ್ಧಕ್ಕೆ ನಿಂತರೆ ಅರ್ಧ ಕಾಗದ ಹಿಡಿದುಕೊಂಡೇ ಮೈಸೂರಿಗೆ ಬರುತ್ತೇನೆ. ನನಗೆ ತುಂಬ ದುಃಖವಾಗಿದೆ ಅಮ್ಮಾ, ಅದನ್ನು ಬೇರೆ ಯಾರಿಗೂ ಹೇಳಲು ಗೊತ್ತಾಗುತ್ತಿಲ್ಲ.

ಶಾಮಿ

ಮೈಸೂರು
20-2-87

ಚಿ. ಶಾಮಿಗೆ ಆಶೀರ್ವಾದ. ಪಂಚಾಂಗ ನೋಡಿದೆ, ನೀನು ಹೇಳಿದ್ದು ಸರಿ. ಮಾರ್ಚ್ ಐದಕ್ಕೆ ದಾದರಿಗೆ ಬರುತ್ತೇನೆ, ಒಬ್ಬಳೇ. ಹನ್ನೊಂದಕ್ಕೆ ವಾಪಸ್ ಟಿಕೆಟ್ ಆಗಿದೆ. ಸ್ಟೇಷನ್ನಿಗೆ ಬಾ. ಬರುವಾಗ ಇನ್ನೊಂದು ಡಬ್ಬ ಹುಡುಕಿಟ್ಟಿರು. ಅಮ್ಮ.

ಆಂಟಾಪ್ ಹಿಲ್, ಬೊಂಬಾಯಿ
9-3-87

ಯಜಮಾನರ ಪಾದಗಳಿಗೆ ನಮಸ್ಕಾರ.

ಬಾಣಂತನಕ್ಕೆ ತವರಿಗೆ ಹೋದಾಗ ಬರೆದದ್ದು ಬಿಟ್ಟರೆ ನಿಮಗೆ ನಾನು ಬರೆಯುತ್ತಿರುವ ಕಾಗದ ಇದೊಂದೇ. ಸ್ಟೇಷನ್ನಿನಲ್ಲಿ ನೀವು ನೀರಿನ ಕೂಜ ಕೈಗಿಟ್ಟು ಗಾಡಿ ಹೊರಡುವ ತನಕ ಕಿಟಕಿ ಹತ್ತಿರವೇ ಇದ್ದಿರಿ. ಕೂಜ ದಾರಿಯುದ್ದಕ್ಕೂ ಉಪಯೋಗಕ್ಕೆ ಬಂತು. ಸುಖವಾಗಿ ತಲುಪಿದೆ.

ಕೇಶವಮೂರ್ತಿ ಮೊದಲ ದಿನ ಮುಖ ಊದಿಸಿಕೊಂಡಿದ್ದ. ಅತ್ತಿಗೆ, ನೀವೂ ಅವಳ ತಾಳಕ್ಕೆ ಕುಣಿದರೆ ಹೇಗೆ ಅಂದ. ಅಪ್ಪ ಕೋಲು ಕಳಿಸಿದಾಗ ತಪ್ಪಿಲ್ಲ, ಅಮ್ಮ ಬಂದರೆ ಕುಣಿತವಾ ಅಂದೆ. ವಿಮಲಾ ಒಳಗೆ ಸಾರು ಕುದಿಸುತ್ತಾ ನಕ್ಕಳು.

ನಿನ್ನೆ ಭಾನುವಾರ ಇಬ್ಬರೂ ಎರಡು ಡಬ್ಬ, ಒಂದು ಮೊಸರನ್ನದ ಡಬ್ಬಿ ತಗೊಂಡು ಖಾಡಿಗೆ ಹೋದೆವು. ನಲ್ಲಿ ಹತ್ತಿರ ಆ ಹನುಮವ್ವ ನನ್ನ ಕಾಲು ಮುಟ್ಟೋಕೆ ಬಂದಳು, ಬೇಡ ಅಂದೆ. ನಿಮ್ಮ ವಿಷಯ ಅವಳಿಗೆ ಗೊತ್ತು. ಕೋಲಿನವರ ಮನೆಯಾಕಿ ಏನ್ರೀ ನೀವು ಅಂದಳು. ಹೌದು ಅಂದೆ. ಹಿಂದಿನ ಸಲದ ಸುರುಳಿಯನ್ನು ಅವರೆಲ್ಲ ಬಿಚ್ಚಿಸಿ ನೋಡಿದರು. ಹನುಮವ್ವ ಒಂದು ಒದ್ದೆ ಕಲೆ ಮೇಲೆ ಬೆರಳಿಟ್ಟು, ಇದು ನನ್ನ ಕೊಡದ್ದು ಅಂದಳು. ರಾಚವ್ವ ಅಲ್ಲ, ನನ್ನದು ಅಂದಳು. ಅದಕ್ಕೇ ಇಬ್ಬರಿಗೂ ಸ್ವಲ್ಪ ವಾದವಾಯಿತು.

ಮಧ್ಯಾಹ್ನಕ್ಕೆ ಎಲ್ಲರೂ ಕೆಲಸಕ್ಕೆ ಹೋದರು. ಡಬ್ಬಗಳ ಸಾಲು, ನಾವಿಬ್ಬರು, ಎದುರಿಗೆ ಬರೀ ಕೆಸರು. ನಮ್ಮ ಹುಡುಗಿ ಸುರುಳಿಯ ಉಳಿದರ್ಧ ಬಿಚ್ಚಿಕೊಂಡು ಕಲ್ಲಿನ ಮೇಲೆ ಕೂತಳು. ನಾನು ಅವಳ ಹಿಂದೆ ನಿಂತೆ. ಕೂರಮ್ಮಾ ಅಂದಳು. ಕೂರಲಿಲ್ಲ.

ನಿಮಗೊಂದು ಹೇಳಬೇಕು. ಮೂವತ್ತು ವರ್ಷ ನಿಮಗೆ ಬುತ್ತಿ ಕಟ್ಟಿ ಕಳಿಸಿದೆ. ಬಿಸಿಲಲ್ಲಿ ನಿಂತು ಸುಸ್ತಾಗಿ ಬರ್ತಾರೆ ಅಂತ ಪಾನಕ ಮಾಡಿಡುತ್ತಿದ್ದೆ. ಕಷ್ಟದ ಕೆಲಸ ಅಂದುಕೊಂಡಿದ್ದೆ. ನಿನ್ನೆ ನಿಂತ ಮೇಲೆ ಗೊತ್ತಾಯಿತು, ನೀವು ದಿನಾ ಇದನ್ನ ನೋಡ್ತಾ ಇದ್ದಿರಿ. ಬೀದಿಯ ಇಳಿಜಾರೂ ಹೇಳಲಿಲ್ಲ, ಇದನ್ನೂ ಹೇಳಲಿಲ್ಲ. ನನಗೆ ಅದಕ್ಕೆ ಸಿಟ್ಟಿದೆ. ಬಂದ ಮೇಲೆ ಮಾತಾಡೋಣ.

ನೀರು ಬರುವುದು ಕಾಣುವುದಿಲ್ಲ. ಕಣ್ಣು ಮಿಟುಕಿಸದೆ ನೋಡಿದರೂ ಕಾಣುವುದಿಲ್ಲ. ಸ್ವಲ್ಪ ಬೇರೆ ಕಡೆ ನೋಡಿ ತಿರುಗಿದರೆ ಒಂದು ದೋಣಿ ಎದ್ದು ಕೂತಿರುತ್ತದೆ. ಹೊತ್ತು ನಮ್ಮ ಬೆನ್ನ ಹಿಂದೆ ಇಳಿಯುತ್ತಿತ್ತು, ನನ್ನ ನೆರಳು ಖಾಡಿಯ ಕಡೆ ಉದ್ದವಾಗುತ್ತಾ ಹೋಯಿತು. ಅವಳು ನೀರಿನ ಜೊತೆಗೆ ನನ್ನ ನೆರಳನ್ನೂ ಹಂತ ಹಂತವಾಗಿ ಬರೆದುಕೊಂಡಳು. ಅಲ್ಲಾಡಬೇಡಮ್ಮಾ ಅಂತ ಬೈದಳು ಬೇರೆ.

ಹೋದ ಸಲದ ಆ ಇಬ್ಬರು ಬಂದು ಬದುವಿನ ಮೇಲೆ ಕೂತರು. ನಾನು ತಿರುಗಿ ಅವರನ್ನೂ ನೋಡಿದೆ. ಬೆಟ್ಟ ನೋಡಿದ ಹಾಗೆ, ನಿಧಾನವಾಗಿ. ಅವರಿಗೆ ಕೂರಲಾಗಲಿಲ್ಲ, ಎದ್ದು ಹೋದರು. ಆಮೇಲೆ ಕಾವಲಿನವನು ಬಂದ. ಮಾಜೀ, ಯಾರಿಗೆ ಕಾಯ್ತಿದ್ದೀರಿ ಅಂತ ಹಿಂದಿಯಲ್ಲಿ ಕೇಳಿದ. ಡಬ್ಬ ತೋರಿಸಿದ್ದರೆ ಮುಗಿದಿತ್ತು. ಕಾಲಿನ ಹತ್ತಿರವೇ ಇತ್ತು. ನನಗ್ಯಾಕೋ ತೋರಿಸಬೇಕು ಅನ್ನಿಸಲಿಲ್ಲ. ಯಾರಿಗೂ ಇಲ್ಲಪ್ಪಾ, ನೋಡ್ತಾ ನಿಂತಿದ್ದೀನಿ ಅಂದೆ, ಕನ್ನಡದಲ್ಲೇ. ಅವನಿಗೆ ಏನು ತಿಳಿಯಿತೋ, ನಾನು ನೋಡುತ್ತಿದ್ದ ಕಡೆ ತಾನೂ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪಾನಿ ಆ ಗಯಾ ಅಂದು ಹೊರಟ. ಅವನು ಹೇಳಿದ್ದು ಸರಿ, ನೀರು ಬಂದು ನನ್ನ ನೆರಳಿನ ತಲೆಯನ್ನು ಮುಟ್ಟಿತ್ತು. ಶಾಮಿ ಕೊನೆಯ ಗೆರೆ ಎಳೆದು ಪೆನ್ನು ಕೆಳಗಿಟ್ಟು, ನನ್ನ ಸೊಂಟ ಹಿಡಿದುಕೊಂಡು ಅತ್ತಳು. ಪೂರ್ತಿ ಆಯಿತು.

ಏಪ್ರಿಲಿನ ಮಾತು ಈಗ ಬೇಡ. ನೀವು ಬಂದು ಆ ಸುರುಳಿ ಪೂರ್ತಿ ಬಿಚ್ಚಿ ನೋಡಿ, ಆಮೇಲೂ ಅವಳು ಬರಲಿ ಅನ್ನಿಸಿದರೆ ಅವಳ ಎದುರಿಗೇ ಹೇಳಿ. ಕೋಲು ಮುಕ್ಕಾಲಿ ಇಲ್ಲೇ ಇವೆ, ವಾಪಸ್ ತಗೊಂಡು ಹೋಗಬಹುದು. ಬರುವಾಗ ಕೊಡೆ ಮಾತ್ರ ತನ್ನಿ, ಬಿಸಿಲು ಜೋರು.

ನನ್ನ ಬುಧವಾರದ ಟಿಕೆಟ್ಟನ್ನು ವಾಪಸ್ ಮಾಡಲು ಕೇಶವನಿಗೆ ಹೇಳಿದ್ದೇನೆ. ಹೋಳಿ ಹುಣ್ಣಿಮೆಗೆ ನೀರು ಇನ್ನೂ ಮೇಲೆ, ಬದುವಿನ ಅಂಚಿನ ತನಕ ಬರುತ್ತದಂತೆ, ಹನುಮವ್ವ ಹೇಳಿದಳು. ಅದನ್ನೂ ನೋಡಬೇಕು. ಹುಳಿಪುಡಿ ಎರಡನೇ ಗೂಡಿನಲ್ಲಿದೆ, ಮೆಂತ್ಯದ ಹಿಟ್ಟು ಅದರ ಹಿಂದೆ.

ಕಸ್ತೂರಿಬಾಯಿ ಇಷ್ಟು ಹೊತ್ತಿಗೆ ಕೇಳಿಯೇ ಇರುತ್ತಾರೆ. ರಮಾಮಣಿ ಎಲ್ಲಿ ಅಂದರೆ, ಬೊಂಬಾಯಿಯಲ್ಲಿ ನಿಂತಿದ್ದಾಳೆ ಅನ್ನಿ. ಯಾತಕ್ಕೆ ಅಂದರೆ, ಸುಮ್ಮನೆ ಅನ್ನಿ.

ರಮಾಮಣಿ